ಹಾಲಿನೊಳಗಿನ ಸಕ್ಕರಿ

ನನ್ನ ನೀಲಕ್ಕಾ,

ನಿನಗ ಓದಾಕ ಬರ್ತಿದ್ದಿಲ್ಲ. ನೀ ಹುಬ್ಬಳ್ಳಿಗೆ ಗಂಡನ ಮನಿಗೆ ಹೋದ ಮ್ಯಾಲ ನಾ ಹೆಬ್ಬಳ್ಳಿಯಿಂದ ಬರದ ಕಾಗದಾನ ನಿನ್ನ ಮೈದುನ ಪಡಸಾಲ್ಯಾಗ ಕುಂತು ಓದಿ ಹೇಳತಿದ್ರು, ನೀ ಅಡಗಿಮನಿ ಬಾಗಲದಾಗ ನಿಂತು ಕೇಳತಿದ್ದಿ. ಆ ಮೈದುನನ ಈಗ ನನ್ನ ಗಂಡ. ಈ ಕಾಗದ ನಿನಗ ಯಾರು ಓದಿ ಹೇಳತಾರೋ ಗೊತ್ತಿಲ್ಲ. ಆದ್ರೂ ಬರ್ಯಾಕತ್ತೇನಿ. ಇದು ಬ್ಯಾರೆ ಯಾರಿಗೂ ಸೇರಿದ ಮಾತಲ್ಲ. ಎಲ್ಲಾ ಮೊದಲಿನಿಂದ ಬರೀತೇನಿ. ನಿನಗ ಗೊತ್ತಿದ್ದದ್ದನ್ನೂ ಬರೀತೇನಿ, ಯಾಕಂದ್ರ ಅದನ್ನ ಬಿಟ್ರ ಇದು ತಿಳಿಯೂದಿಲ್ಲ.

ಹೆಬ್ಬಳ್ಳಿ ಮನ್ಯಾಗ ನಿನ್ನ ಮೊದಲನೇ ಹೆರಿಗಿ ಆದ ದಿನ ನನ್ನ ಕಣ್ಣ ಮುಂದ ಐತಿ. ಗಂಡು ಕೂಸು, ತಲಿ ತುಂಬ ಕರೀ ಕೂದಲಾ. ಸೂಲಗಿತ್ತಿ ದ್ಯಾಮವ್ವ ಅದನ್ನ ಅಂಗೈ ಮ್ಯಾಲ ಹೊಳ್ಳಿಸಿ ನೋಡಿ, “ಅಳೂ ದನಿ ಕೇಳ್ರಿ, ಊರ ಗೌಡನ ಆಗತಾನ ಇಂವಾ,” ಅಂತ ಎಲ್ಲಾರನ್ನೂ ನಗಿಸಿದ್ಳು. ಅವ್ವ ನಿನಗ ಅಂಟಿನ ಉಂಡಿ ಮಾಡಿ ಇಟ್ಟಿದ್ಳು. ಕೂಸು ಮೊದಲ ಎರಡ ದಿನ ಛಲೋನ ಇತ್ತು. ನಿನ್ನ ಎದಿಗೆ ಹಾಲು ಇಳದ ಮ್ಯಾಲ, ಎಷ್ಟ ಹಾಲು ಅಕ್ಕಾ, ಕುಡಿದು ಮಿಕ್ಕುವಷ್ಟು, ಅದು ಕುಡಿದದ್ದೆಲ್ಲಾ ಕಕ್ಕಾಕ ಹತ್ತಿತು. ಕಣ್ಣು ಹಳದಿ ಆದ್ವು, ಮೈ ಹಳದಿ ಆತು, ಹೊಟ್ಟಿ ಉಬ್ಬಿತು. ದ್ಯಾಮವ್ವ ಬೇವಿನ ತಪ್ಪಲದಿಂದ ದೃಷ್ಟಿ ತಗದ್ಳು. ಅವ್ವ ಮಠದ ಅಯ್ಯನವರನ್ನ ಕರಿಸಿ ವಿಭೂತಿ ಹಚ್ಚಿಸಿದ್ಳು. ನಿಂದು ಮಾತ್ರ ಒಂದ ಮಾತು: “ಇನ್ನೊಂದ ಸರ್ತಿ ಕುಡಸ್ತೇನಿ, ಈ ಸರ್ತಿ ದಕ್ಕತೈತಿ.” ತೊಟ್ಟಲಕ್ಕ ಹಾಕೂಕಿಂತ ಮೊದಲ ಕೂಸು ಹೋತು. ಅಪ್ಪ ಅದನ್ನ ಹೊಲದ ಬದುವಿನ್ಯಾಗ ಮಣ್ಣು ಮಾಡಿ ಬಂದು ಕಟ್ಟಿ ಮ್ಯಾಲ ಕುಂತಾಗ, ನೀ ಒಳಗ ಗ್ವಾಡಿಗೆ ಮುಖ ಮಾಡಿ ಮಲಗಿದ್ದಿ. ನಿನ್ನ ಕುಪ್ಪಸ ಹಾಲಿನಿಂದ ತೋಯ್ದಿತ್ತು.

ಸುದ್ದಿ ಕೇಳಿ ಅತ್ತಿ ಹುಬ್ಬಳ್ಳಿಯಿಂದ ಬಂದದ್ದು ನೆನಪೈತೇನು? ನಮ್ಮ ಸೋದರಮಾವನ ಹೆಂಡ್ತಿ, ಸಣ್ಣವರಿದ್ದಾಗ ನಮ್ಮಿಬ್ಬರಿಗೂ ಹೆಳಲು ಹಾಕಿ ಹೂ ಮುಡಿಸಿದಾಕಿ. ಸ್ವಂತ ಸೋದರಮಾವನ ಮನಿ ಅಂತಲೇ ಅಪ್ಪ ನಿನ್ನ ಅವರ ಹಿರೀ ಮಗಗ ಕೊಟ್ಟಿದ್ದ. ಬಂದಾಕಿ ಬಟ್ಲಾ ತಂದು ನಿನ್ನ ಮುಂದಿಟ್ಟು, “ನಿನ್ನ ಹಾಲು ಇದರಾಗ ಹಿಂಡು,” ಅಂದ್ಳು. ನೀ ಹಿಂಡಿದಿ. ಒಂದು ಇರುವಿ ಹಿಡಿದು ಅದರಾಗ ಬಿಟ್ಳು. ಅದು ಕಾಲು ಬಡಿದು ಬಡಿದು ಸುಮ್ಮನಾತು. “ನೋಡ್ರಿ, ನಂಜಿನ ಹಾಲು!” ಅಂದ್ಳು. ಇರುವಿ ನೀರಾಗ ಬಿದ್ರೂ ಸಾಯತೈತಿ ಅಂತ ನನಗ ಅನಿಸಿತ್ತು, ಆದ್ರ ಸಾಲಿ ಹುಡುಗಿ ಮಾತು ಯಾರು ಕೇಳತಿದ್ರು? ಅವ್ವ ತಲಿ ಬಗ್ಗಿಸಿ ನಿಂತ್ಳು. ನೀ ಆ ಬಟ್ಲಾ ತಗೊಂಡು ಹಿತ್ತಲಕ್ಕ ಹೋದಾಕಿ, ಎಷ್ಟ ಹೊತ್ತಾದ್ರೂ ಒಳಗ ಬರಲಿಲ್ಲ.

ಎರಡನೇ ಹೆರಿಗಿಗೆ ಅತ್ತಿ ನಿನ್ನ ತವರಿಗೆ ಕಳಸಲಿಲ್ಲ. “ಆ ಮನಿ ಆಗಿ ಬರಲಿಲ್ಲ, ಇಲ್ಲೇ ಆಗ್ಲಿ,” ಅಂದ್ಳು. ಬಾಣಂತನಕ್ಕ ಕೈಗೂಡಸಾಕ ನಾನ ಹುಬ್ಬಳ್ಳಿಗೆ ಬಂದೆ. ಆಗಷ್ಟ ಏಳನೇತ್ತೆ ಮುಲ್ಕಿ ಪರೀಕ್ಷಾ ಮುಗಿಸಿದ್ದೆ. ಹೆಣ್ಣು ಹುಟ್ಟಿತು. ನೀ ಅದನ್ನ ತೊಡಿ ಮ್ಯಾಲ ಹಾಕ್ಕೊಂಡು, ಕುಡಸಲೋ ಬ್ಯಾಡೋ ಅಂತ ನನ್ನ ಮುಖಾ ನೋಡಿದಿ. ನಾ ಏನಂತ ಹೇಳಲಿ? ಕುಡಿಸಿದಿ. ಕಕ್ಕಾಕ ಚಾಲೂ ಆದ ಕೂಡ್ಲೆ ಅತ್ತಿ ಕೂಸನ್ನ ಕಸಗೊಂಡು, ಆಕಳ ಹಾಲಿಗೆ ನೀರು ಬೆರಸಿ ಒಳಲಿಯಿಂದ ಹಾಕಿದ್ಳು. ಅದೂ ದಕ್ಕಲಿಲ್ಲ. ಮತ್ತ ಅದ ಹಳದಿ, ಅದ ಉಬ್ಬಿದ ಹೊಟ್ಟಿ. ಕಡೀಕ ಕಣ್ಣಿನ ಕರೀ ಗುಡ್ಡಿ ಮ್ಯಾಲ ಬೆಳ್ಳಗ ಪೊರಿ ಬಂದಂಗ ಆಗಿತ್ತು. ಕೂಸು ಹೋದ ದಿನ ಅತ್ತಿ, “ಮೊದಲ ಕುಡಿಸಿದ ನಾಕ ಗುಟುಕ ಸಾಕಾತು ಅದಕ್ಕ,” ಅಂದ್ಳು. ನಿನ್ನ ಗಂಡ ಬಸಪ್ಪ ಭಾವ ಹತ್ತಿ-ಅರಳಿ ಅಂಗಡಿಗೆ ಹೋದವರು ಸಂಜಿತನಕಾ ಬರಲಿಲ್ಲ. ಆಕಳ ಹಾಲಿಗೆ ಯಾಕ ಯಾರೂ ನಂಜು ಅನ್ನಲಿಲ್ಲ, ಅಕ್ಕಾ?

ಆ ಹಿತ್ತಲ ಗ್ವಾಡಿ ಆಚೆ ದಸ್ತಗೀರ ಸಾಹೇಬರ ಮನಿ. ಹತ್ತಿ ಬೀಜ ಬಿಡಸೂ ಜಿನ್ನಿನ್ಯಾಗ ಯಂತ್ರ ರಿಪೇರಿ ಮಾಡೂ ಮಿಸ್ತ್ರಿ ಅವರು. ಅದ ದಿನಗೋಳದಾಗ ಅವರ ಹೆಂಡ್ತಿ ಬೀಬಿಜಾನ್ ಗಂಡು ಹಡದು, ಜ್ವರ ಏರಿ, ಹಾಲು ಬತ್ತಿ ಮಲಗಿದ್ಳು. ಆ ಕೂಸು ಹಸಿದು ಅಳೂದು ನಮ್ಮ ಅಡಗಿಮನಿತನಾ ಕೇಳತಿತ್ತು. ಅದು ಅತ್ತಾಗೊಮ್ಮೆ ನಿನ್ನ ಎದಿ ತಾನ ಸೋರತಿತ್ತು. ಒಂದು ಮಧ್ಯಾಹ್ನ ಅತ್ತಿ ಮಲಗಿದಾಗ ನೀ ಹಿತ್ತಲ ಬಾಗಲಾ ತಗದು ಹೊಂಟಿ. ನಾ ಹಿಂದ ಬಂದೆ. ಬೀಬಿಜಾನ್ ಹಾಸಗಿ ಮ್ಯಾಲಿಂದ ಏಳಾಕ ಆಗದ ಹೇಳಿದ್ಳು, “ನೀಲವ್ವಕ್ಕಾ, ನಿನ್ನ ಹಾಲಿಗೆ ಮಂದಿ ಏನೇನೋ ಅಂತಾರ. ನಾನೂ ಕೇಳೇನಿ. ಆದ್ರ ಇಂವಾ ಹಸಿದು ಸಾಯಾಕತ್ತಾನ. ಅಲ್ಲಾ ನೋಡಕೋತಾನ, ನೀ ಕುಡಸು.” ಕುಡಿಸಿದ ಮ್ಯಾಲ ಅವನನ್ನ ಹೆಗಲಿಗೆ ಹಾಕ್ಕೊಂಡು, ಈಗ ಕಕ್ಕತಾನ, ಈಗ ಕಕ್ಕತಾನ ಅಂತ ಉಸರ ಬಿಗಿಹಿಡಿದು ಕುಂತಿ. ಅಂವಾ ಕಕ್ಕಲಿಲ್ಲ. ತುಟಿ ಮ್ಯಾಲ ಒಂದು ಹನಿ ಹಾಲು ಇಟ್ಕೊಂಡ ಮಲಕೊಂಡ. “ದಕ್ಕಿತು, ಗೌರೀ, ದಕ್ಕಿತು,” ಅಂತ ನೀ ನಕ್ಕಿ. ಆಮ್ಯಾಲ ನೀ ನಕ್ಕದ್ದು ನಾ ನೋಡಲಿಲ್ಲ.

ಅತ್ತಿಗೆ ಗೊತ್ತಾದ ದಿನ ನಾವಿಬ್ಬರೂ ಹಿತ್ತಲದಿಂದ ಒಳಗ ಬರಾಕತ್ತಿದ್ವಿ. ಆಕಿ ಬಾಗಲದಾಗ ನಿಂತಿದ್ಳು. “ಬ್ಯಾರೆ ಜಾತಿ ಕೂಸನ್ನ ಎದಿಗೆ ಹಚ್ಚಿದಿ. ನಿನ್ನ ಹೊಟ್ಯಾಗ ಹುಟ್ಟಿದವನ್ನ ನುಂಗಿ, ಈಗ ಮಂದೀದು ನುಂಗಾಕ ಹೋಗೀಯೇನ?” ಅಂದ್ಳು. ನೀ, “ಅತ್ತೀ, ಅದಕ್ಕ ದಕ್ಕೇತ್ರಿ. ಬಂದು ನೋಡ್ರಿ,” ಅಂತ ಅಂದಿ. ಅಷ್ಟ ನೀ ತಿರುಗಿ ಮಾತಾಡಿದ್ದು, ಇಡೀ ಜಲ್ಮದಾಗ. ಭಾವ ಪಡಸಾಲ್ಯಾಗ ಇದ್ರು. ಕೇಳಿಸ್ತು ಅವರಿಗೆ. ಏಳಲಿಲ್ಲ. ಮರುದಿನ ಮುಂಜಾನೆ ಚಕ್ಕಡಿ ಹೂಡಿಸಿ ನಮ್ಮಿಬ್ಬರನ್ನೂ ಹೆಬ್ಬಳ್ಳಿಗೆ ಕಳಿಸಿಬಿಟ್ರು. ಚಕ್ಕಡಿ ಓಣಿ ದಾಟುಮುಂದ ಬೀಬಿಜಾನಳ ಕೂಸು ಅಳಾಕತ್ತಿತ್ತು. ನೀ ಕಿವಿ ಮುಚ್ಚಿಕೊಂಡಿ.

ಹೆಬ್ಬಳ್ಳ್ಯಾಗ ಆ ಹಾಲು ಕುಡಿಯಾಕ ಯಾರೂ ಇದ್ದಿಲ್ಲ. ಎದಿ ಕಲ್ಲಾತು, ಗಂಟಾತು, ಕೆಂಪಗ ಬಾತು. ನೀ ಯಾರಿಗೂ ಹೇಳಲಿಲ್ಲ. ಆ ಹಾಲಿನ ಮಾತು ಎತ್ತಾಕ ನಿನಗ ನಾಚಿಕಿ ಆಗಿತ್ತು. ಜ್ವರದಾಗ ಬಡಬಡಿಸಾಕ ಹತ್ತಿದ ಮ್ಯಾಲ ಅವ್ವ ಸೆರಗು ಸರಿಸಿ ನೋಡಿ ಚೀರಿದ್ಳು. ಅಪ್ಪ ಧಾರವಾಡ ದವಾಖಾನಿಗೆ ಅಂತ ಚಕ್ಕಡಿ ಹೂಡಿದ. ನಿನ್ನ ತಲಿ ನನ್ನ ತೊಡಿ ಮ್ಯಾಲ ಇತ್ತು. ಮೈ ಕೆಂಡದಂಗ ಸುಡತಿತ್ತು, ಆದ್ರ ಒಂದ ಕ್ಷಣ ಕಣ್ಣು ತಿಳಿ ಆದ್ವು. “ಗೌರೀ, ಆ ಕೂಸಿಗೆ ದಕ್ಕಿದ ಹಾಲು ನನ್ನ ಮಕ್ಕಳಿಗೆ ಯಾಕ ದಕ್ಕಲಿಲ್ಲ? ನನ್ನ ಕೂಸುಗೋಳು ಏನ ತಪ್ಪು ಮಾಡಿದ್ವು?” ಅಂದಿ. ನಾ, “ಸುಮ್ಮನ ಮಲಗಕ್ಕಾ, ದವಾಖಾನಿ ಬಂತು,” ಅಂದೆ. ಬಂದಿದ್ದಿಲ್ಲ. ಧಾರವಾಡದ ಗುಡ್ಡ ಕಾಣೂದರಾಗ ನೀ...

ನೀ ಹೋದ ಮ್ಯಾಲ ನನ್ನ ನೋಡಾಕ ಒಂದು ಮನ್ಯಾವರೂ ಬರಲಿಲ್ಲ. ನಂಜಿನ ಹಾಲಿನವಳ ತಂಗಿ ಅಂತ ಹೆಸರಾಗಿತ್ತು. ನವಲಗುಂದದವರು ಬರತೇವಿ ಅಂದವರು ಅರ್ಧ ದಾರಿಗೆ ಹೊಳ್ಳಿ ಹೋದ್ರು. ನಿನ್ನ ಕೊರಗಿನ್ಯಾಗ ಅವ್ವನೂ ಹೋದ್ಳು. ಆಮ್ಯಾಲ ಸೋದರಮಾವ ಒಬ್ಬನ ಬಂದು ಅಪ್ಪನ ಮುಂದ ಕುಂತು, “ಸಣ್ಣ ಮಗಗ ಗೌರಿನ್ನ ಕೊಡು. ತಂಗಿ ಮಗಳನ್ನ ನಾ ಹೊರಗ ಬಿಡೂದಿಲ್ಲ,” ಅಂದ. ನನ್ನ ಯಾರೂ ಕೇಳಲಿಲ್ಲ, ಅಕ್ಕಾ. ನೀ ಹೋದ ಬಾಗಲದಾಗ ನಾನೂ ಅಕ್ಕಿ ಸೇರು ಒದ್ದು ಒಳಗ ಬಂದೆ. ಅಷ್ಟೊತ್ತಿಗೆ ಭಾವಗ ಗದಗಿನ ಕಡೆಯಿಂದ ಎರಡನೇ ಹೆಂಡ್ತಿ ಬಂದಿದ್ಳು, ಆಕಿ ಮಗ ಹಾಲು ಕುಡಿದು ದುಂಡಗ ಬೆಳದಿದ್ದ. ಅವನನ್ನ ಎತ್ತಿಕೊಂಡಾಗೊಮ್ಮೆ ಅತ್ತಿ ನನ್ನ ಕಡೆ ನೋಡತಿದ್ಳು. ನನ್ನ ಗಂಡ ಮಾತ್ರ ಒಳ್ಳೇ ಮನುಷ್ಯಾ. ಮೊದಲನೇ ದಿನಾನ ಅಂದ್ರು, “ನೀಲಾ ವೈನಿ ಹೆಸರು ಈ ಮನ್ಯಾಗ ಯಾರೂ ತಗ್ಯೂದಿಲ್ಲ. ನಾವಿಬ್ರೂ ತಗೋಳೋಣು.”

ನನಗ ಮಗಳು ಹುಟ್ಟಿದಾಗ ಎರಡನೇ ಮಹಾಯುದ್ಧ ನಡದಿತ್ತು, ಸಕ್ಕರಿಗೆ ರೇಷನ್ ಇತ್ತು. ಹುಟ್ಟಿದಾಗ ಗುಲಾಬಿ ಬಣ್ಣ. ನಾಕ ದಿನಕ್ಕ ಕಕ್ಕಾಕ ಹತ್ತಿತು. ನಾ ದಿನಾ ಮುಂಜಾನೆ ಕೂಸನ್ನ ಬೆಳಕಿಗೆ ಹಿಡಿದು ಅದರ ಕಣ್ಣು ನೋಡತಿದ್ದೆ. ಒಂದು ಮುಂಜಾನೆ ಹಳದಿ ಕಂಡಿತು. ಅತ್ತಿ ಬಂದು ನೋಡಿ, “ಮತ್ತ ಅದ ಹಾಲು,” ಅಂತ ಹಣಿ ಹಣಿ ಬಡಕೊಂಡ್ಳು. ಆಡಿನ ಹಾಲು ತರಿಸಿ ಹಾಕಿದ್ಳು. ಅದೂ ಕಕ್ಕಿತು. ಆಕಿ ಮತ್ತ ಬಟ್ಲಾ ಹಿಡಕೊಂಡು ನನ್ನ ಕಡೆ ಬಂದಾಗ ನಮ್ಮವರು ಅಡ್ಡ ನಿಂತು, “ಯವ್ವಾ, ಬಟ್ಲಾ ಕೆಳಗಿಡು,” ಅಂದ್ರು. ಅವರ ದನಿ ಅಷ್ಟ ಗಟ್ಟಿ ಇದ್ದದ್ದು ನಾ ಕೇಳಿದ್ದಿಲ್ಲ. ಬಾಣಂತಿ ಹೊಸ್ತಿಲಾ ದಾಟಬಾರದು ಅಂತ ಆಕಿ ಕೂಗತಿದ್ದಂಗ ಟಾಂಗಾ ತರಿಸಿ ನನ್ನ, ಕೂಸನ್ನ ಕಂಬಳ್ಯಾಗ ಸುತ್ತಿ ಕುಂಡ್ರಿಸಿಕೊಂಡು ಹೊಂಟ್ರು.

ದೇಶಪಾಂಡೆ ನಗರದಾಗ ಒಬ್ಬ ಡಾಕ್ಟರಬಾಯಿ ದವಾಖಾನಿ ಇಟ್ಟಿದ್ರು. ಧಾರವಾಡದವರು, ಮುಂಬೈದಾಗ ಕಲ್ತು ಬಂದವರು. ಕೂಸಿನ ಹೊಟ್ಟಿ ಮುಟ್ಟಿ, ಲಿವರ್ ಬಾತದ ಅಂದ್ರು. ಕಣ್ಣಿಗೆ ದೀಪಾ ಹಿಡದು ಭಾಳ ಹೊತ್ತು ನೋಡಿದ್ರು. ಆಮ್ಯಾಲ ಕೂಸಿನ ಉಚ್ಚಿ ಹಿಡಿದು, ಒಂದು ನೀಲಿ ಔಷಧದಾಗ ಹಾಕಿ ಕಾಸಿದ್ರು. ನೀಲಿ ಹೋಗಿ ಇಟ್ಟಂಗಿ ಬಣ್ಣ ಬಂತು. “ಉಚ್ಚ್ಯಾಗ ಸಕ್ಕರಿ ಅದ,” ಅಂದವರು ನನ್ನ ಕಡೆ ಹೊಳ್ಳಿ ಕೇಳಿದ್ರು, “ತಂಗೀ, ನಿಮ್ಮ ಮನಿತನದಾಗ ಹಿಂದ ಯಾವ ಕೂಸಿಗಾದ್ರೂ ಹಿಂಗ ಆಗಿತ್ತೇನು?” ನಾ ನಿನ್ನ ಎರಡೂ ಕೂಸಿನ ಕತಿ ಹೇಳಿದೆ.

“ಆಕಳ ಹಾಲು ಹಾಕಿದ್ರೂ ಹಂಗ ಆತು?”

“ಹೌದ್ರಿ.”

“ನಿಮ್ಮಕ್ಕನ ಹಾಲು ಬ್ಯಾರೆ ಯಾವದಾದ್ರೂ ಕೂಸು ಕುಡಿದಿತ್ತೇನು?”

ಅಕ್ಕಾ, ಈ ಪ್ರಶ್ನಿ ಅಲ್ಲಿತನಕಾ ಯಾರೂ ಕೇಳಿದ್ದಿಲ್ಲ. “ಕುಡಿದಿತ್ರಿ. ನಮ್ಮ ಓಣೀದ, ಮಿಸ್ತ್ರಿ ಮಗಾ,” ಅಂದೆ.

“ಅವಂದೇನಾತು?”

“ಏನೂ ಆಗಲಿಲ್ರಿ. ಓಡ್ಯಾಡತಾನ. ಮನ್ನೆ ಗ್ವಾಡಿ ಏರಿ ಬಿದ್ದು ಮಣಕಾಲು ಕೆತ್ತಿಸಿಕೊಂಡಾನ.”

ಡಾಕ್ಟರಬಾಯಿ ಕೈಯಾಗಿನ ಗಾಜಿನ ನಳಿಗಿ ಕೆಳಗಿಟ್ರು. “ಹಂಗಾದ್ರ ನಿಮ್ಮಕ್ಕನ ಹಾಲು ಛಲೋನ ಇತ್ತು, ತಂಗಿ,” ಅಂದ್ರು. ಅಷ್ಟ. ಯಾವ ದೊಡ್ಡ ಮಾತೂ ಅಲ್ಲ. ನಾ ಅಲ್ಲೇ ನೆಲದ ಮ್ಯಾಲ ಕುಂತುಬಿಟ್ಟೆ. ನಮ್ಮವರು ಗ್ವಾಡಿ ಕಡೆ ಮುಖಾ ಮಾಡಿ ನಿಂತ್ರು.

“ಅಳಾಕ ಆಮ್ಯಾಲ ಟೈಮ ಅದ. ಮೊದಲ ಕೂಸು ಉಳೀಬೇಕು,” ಅಂತ ಅವರ ನನ್ನ ಎಬ್ಬಿಸಿದ್ರು. ಆ ಹೊತ್ತಿನಿಂದನ ಹಾಲು ಬಂದ್. ನನ್ನದೂ, ಆಡಿಂದೂ, ಯಾವದೂ. ಗ್ಲುಕೋಸ್ ಪುಡಿ ಕಲಿಸಿದ ನೀರು, ಅಕ್ಕಿ ಗಂಜಿ ತಿಳಿ, ಅಷ್ಟ. ನಮ್ಮವರನ್ನ ಬೇಕರಿಗೆ ಕಳಿಸಿ, ಬ್ರೆಡ್ಡಿನ ಹಿಟ್ಟು ಉಬ್ಬಸೂ ಖಮೀರ ತರಿಸಿದ್ರು. ಮೂರು ನಳಿಗಿ ಇಟ್ರು. ಒಂದರಾಗ ಗ್ಲುಕೋಸ್ ನೀರಿಗೆ ಖಮೀರ. ಎರಡನೇದರಾಗ ಅದ ನೀರಿಗೆ ಕುದಿಸಿದ ಖಮೀರ. ಮೂರನೇದರಾಗ ಕೂಸಿನ ಉಚ್ಚಿಗೆ ಹಸೀ ಖಮೀರ. ಅವನ್ನ ಬೆಚ್ಚಗ ಇಟ್ಟು, ನಾಳೆ ಬರ್ರಿ ಅಂದ್ರು.

ಮರುದಿನ ನಾವು ಹೋದಾಗ ಮೊದಲನೇ ನಳಿಗ್ಯಾಗ ನೊರಿ ನೊರಿ, ಗುಳ್ಳಿ ಏಳತಿದ್ವು. ಉಳಿದೆರಡೂ ಸುಮ್ಮನ ಇದ್ವು. ಡಾಕ್ಟರಬಾಯಿ ನನ್ನ ಮಗ್ಗಲಕ ಕುಂಡ್ರಿಸಿಕೊಂಡು ಹೇಳಿದ್ರು. ನಾ ತಿಳಿದಂಗ ನಿನಗ ಹೇಳತೇನಿ. ನಾವು ತಿನ್ನೂದ್ರಾಗ ಮುಖ್ಯ ಮೂರು ಪದಾರ್ಥ ಅಂತ. ಬ್ಯಾಳಿ, ಹಾಲಿನ್ಯಾಗಿನ ಪ್ರೋಟೀನ, ಅದರಿಂದ ಮೈ ಕಟ್ಟತೈತಿ. ಎಣ್ಣಿ, ಬೆಣ್ಣ್ಯಾಗಿನ ಜಿಡ್ಡು. ಮೂರನೇದು ಸಕ್ಕರಿ, ಪಿಷ್ಟ. ಜ್ವಾಳದಾಗ, ಅಕ್ಕ್ಯಾಗ ಇರೂ ಪಿಷ್ಟ ಅಂದ್ರ ಸಣ್ಣ ಸಕ್ಕರಿ ಮಣಿಗೋಳನ್ನ ಉದ್ದಕ ಪೋಣಿಸಿದ ಸರ. “ರೊಟ್ಟಿ ತುತ್ತು ನುಂಗದ ಹಂಗ ಅಗೀತಾ ಕೂಡು, ಸಿಹಿ ಆಗ್ತದ. ಯಾಕ? ನಿನ್ನ ಉಗುಳಿನ್ಯಾಗ ಒಂದು ಪದಾರ್ಥ ಆ ಸರಾ ಹರೀತದ. ಅದಕ್ಕ ಕಿಣ್ವ ಅಂತಾರ,” ಅಂದ್ರು. ಮೈಯಾಗ ಇಂಥಾ ಕಿಣ್ವ ಲೆಕ್ಕ ಇಲ್ಲದಷ್ಟು, ಒಂದೊಂದಕ್ಕ ಒಂದ ಕೆಲಸ. “ನಿಮ್ಮದು ಅರಳಿ ವ್ಯಾಪಾರದ ಮನಿ. ಹತ್ತಿ ಜಿನ್ನು ಬೀಜ ಬ್ಯಾರೆ, ಅರಳಿ ಬ್ಯಾರೆ ಮಾಡ್ತದ. ಅದರಾಗ ಜ್ವಾಳ ಹಾಕಿದ್ರ ಹಿಟ್ಟಾಗ್ತದೇನು? ಇಲ್ಲ. ಹಂಗ ಇದು. ಎಷ್ಟ ಗಾಡಿ ಹತ್ತಿ ಹಾಕಿದ್ರೂ ಜಿನ್ನು ತಾನು ಖರ್ಚಾಗೂದಿಲ್ಲ. ಕಿಣ್ವನೂ ಹಂಗ. ಆದ್ರ ಅದೂ ಒಂದು ಪ್ರೋಟೀನ, ಕುದಿಸಿದ್ರ ತತ್ತಿ ಬೆಂದಂಗ ಕೆಡ್ತದ. ಅದಕ್ಕ ಎರಡನೇ ನಳಿಗಿ ಸುಮ್ಮನ ಕುಂತದ.”

“ಮೂರನೇದು ಯಾಕ್ರೀ?” ಅಂತ ಕೇಳಿದೆ. ಅದರಾಗ ಖಮೀರ ಹಸೀದಿತ್ತಲ್ಲಾ?

“ಅಲ್ಲೇ ಅದ ನೋಡು ವಿಷಯ. ಈ ಕೂಸಿನ ಉಚ್ಚ್ಯಾಗ ಇರೂದು ದಿನಾಲೂ ನಾವು ತಿನ್ನೂ ಸಕ್ಕರಿ ಅಲ್ಲ. ಆ ಸಕ್ಕರಿ ಆಗಿದ್ರ ಖಮೀರ ತಿಂದು ಗುಳ್ಳಿ ಎಬ್ಬಿಸ್ತಿತ್ತು. ಇದು ಹಾಲಿನ ಸಕ್ಕರಿಯಿಂದ ಬಂದದ್ದು. ಹಾಲಿನ್ಯಾಗ ಎರಡು ಸಣ್ಣ ಸಕ್ಕರಿ ಜೋಡಾಗಿ ಕೂಡಿರ್ತಾವ. ಕರಳಿನ್ಯಾಗ ಒಂದು ಕಿಣ್ವ ಆ ಜೋಡಿ ಬಿಡಸ್ತದ. ಒಂದು ಗ್ಲುಕೋಸ್, ಅದು ನೇರ ಕೆಲಸಕ್ಕ ಬರ್ತದ. ಇನ್ನೊಂದನ್ನ ಲಿವರಿನ್ಯಾಗ ಬದಲ್ ಮಾಡಬೇಕು. ಅದನ್ನ ಬದಲ್ ಮಾಡೂ ಕೆಲಸ ಈ ಕೂಸಿನ ಮೈಯಾಗ ನಡೀವಲ್ದು. ಯಾವ ಕಿಣ್ವ ಇಲ್ಲ ಅಂತ ಇನ್ನೂ ಯಾರಿಗೂ ತಿಳಿದಿಲ್ಲ. ನಾನೂ ಪುಸ್ತಕದಾಗ ಓದೇನಿ ಅಷ್ಟ, ಕಣ್ಣಲೆ ನೋಡೂದು ಇದ ಮೊದಲು. ಆ ಸಕ್ಕರಿ ರಕ್ತದಾಗ ತುಂಬಿ ಲಿವರ್ ಕೆಡಸ್ತದ, ಕಣ್ಣಿಗೆ ಪೊರಿ ತರ್ತದ. ನಿಮ್ಮಕ್ಕನ ಮಕ್ಕಳಿಗೂ ಇದ ಆಗಿರಬೇಕು.” ನಳಿಗಿ ಬದಿಗೆ ಸರಿಸಿ ಮತ್ತ ಅಂದ್ರು, “ತಾಯಿದೊಂದ ಅಲ್ಲ, ತಂದಿಯಿಂದನೂ ಬಂದಿರ್ತದ. ಒಂದ ಮನಿತನದಾಗ ಕೊಟ್ಟು ತಗೊಂಡ್ರಲ್ಲಾ, ಎರಡೂ ಕಡೆಯಿಂದ ಅದ ಕೊರತಿ ಕೂಸಿಗೆ ಬಂತು. ಹೆಂಗ ಬರ್ತದ, ಎಲ್ಲೆ ಬರದಿರ್ತದ, ಅದು ನಮಗಿನ್ನೂ ಗೊತ್ತಿಲ್ಲ. ಆದ್ರ ಇದರಾಗ ಯಾರದೂ ತಪ್ಪಿಲ್ಲ.”

ಯಾರದೂ ತಪ್ಪಿಲ್ಲ. ಕೇಳಿದೇನಕ್ಕಾ? ನಿನ್ನ ಹಾಲಿಂದಲ್ಲ, ನಿಂದಲ್ಲ, ನಿನ್ನ ಕೂಸುಗೋಳದ್ದಂತೂ ಅಲ್ಲ. ನೀ ಚಕ್ಕಡ್ಯಾಗ ಕೇಳಿದ್ದಕ್ಕ ಉತ್ರ ಇಷ್ಟ. ಬೀಬಿಜಾನಳ ಮಗನ ಮೈಯಾಗ ಇದ್ದ ಒಂದು ಸಣ್ಣ ಪದಾರ್ಥ, ಕಣ್ಣಿಗೂ ಕಾಣದ್ದು, ನಿನ್ನ ಮಕ್ಕಳ ಮೈಯಾಗ ಇದ್ದಿಲ್ಲ. ನೀ ಇನ್ನೊಂದ ಸರ್ತಿ ಕುಡಸ್ತೇನಿ, ಇನ್ನೊಂದ ಸರ್ತಿ ಕುಡಸ್ತೇನಿ ಅಂತ... ನೀ ಪ್ರೀತೀಲೆ ಕೊಟ್ಟದ್ದನ್ನ ಒಡದು ತಗೊಳ್ಳಾಕ ಅವಕ್ಕ ಆಗಲಿಲ್ಲ, ಅಷ್ಟ.

ಹಾಲು ಬಿಡಿಸಿದ ದಿನಗೋಳು ಭಾಳ ಕೆಟ್ಟಿದ್ವು. ಕೂಸು ನನ್ನ ವಾಸನಿಗೆ ಬಾಯಿ ತಗದು ಹುಡಕತಿತ್ತು, ನಾ ಅದನ್ನ ನಮ್ಮವರ ಕೈಯಾಗ ಕೊಟ್ಟು ಹಿತ್ತಲಕ್ಕ ಓಡತಿದ್ದೆ. ನನ್ನ ಎದಿನೂ ಕಲ್ಲಾತು. ಈ ಸರ್ತಿ ನಾ ಬಾಯಿ ಬಿಟ್ಟು ಹೇಳಿದೆ. ಡಾಕ್ಟರಬಾಯಿ, “ಬಿಸಿನೀರಿನ್ಯಾಗ ಅರವಿ ಅದ್ದಿ ಕಾವು ಕೊಡು, ಕೈಲೆ ಸ್ವಲ್ಪ ಸ್ವಲ್ಪ ಹಿಂಡಿ ತಗೀ, ಗಂಟು ಕಟ್ಟಗೊಡಬ್ಯಾಡ,” ಅಂದ್ರು. ಬಿಸಿನೀರು, ಒಂದು ತುಂಡು ಅರವಿ. ನಮ್ಮ ಹೆಬ್ಬಳ್ಳಿ ಮನ್ಯಾಗ ಎರಡೂ ಇದ್ವು, ಅಕ್ಕಾ. ಒಲಿ ಮ್ಯಾಲ ದಿನಾ ಬಿಸಿನೀರು ಇರತಿತ್ತು. ಅರವಿ ಅದ್ದುವಾಗ ನನ್ನ ಕೈ ಎಷ್ಟೋ ಸರ್ತಿ ಅಲ್ಲೇ ನಿಂತುಬಿಡತಿತ್ತು.

ಶೇಂಗಾದ ಹಾಲಿನ ಉಪಾಯ ಹೇಳಿದವರೂ ಡಾಕ್ಟರಬಾಯಿನ. ಗಂಜಿ ಒಂದರಿಂದ ಮೈ ಬೆಳಿಯೂದಿಲ್ಲ, ಪ್ರೋಟೀನ ಬೇಕು, ಜಿಡ್ಡು ಬೇಕು ಅಂದ್ರು. ಶೇಂಗಾ ನೆನಿ ಇಟ್ಟು, ಸಿಪ್ಪಿ ತಗದು, ನುಣ್ಣಗ ರುಬ್ಬಿ, ಅರವ್ಯಾಗ ಸೋಸಿ ಕುದಸೂದು. ಹೆಸರಬ್ಯಾಳಿ ಕಟ್ಟು ಬೆರಸೂದು. ಅತ್ತಿ ಮೊದಲ ದಿನ, “ತಾಯಿ ಇದ್ದೂ ಕೂಸಿಗೆ ಶೇಂಗಾ ಕುಡಸ್ತಾರಂತ, ಎಲ್ಲೆ ಐತಿ ಇದು?” ಅಂತ ಒಳಕಲ್ಲಿನ ಕಡೆ ಹಾಯಲಿಲ್ಲ. ಕೂಸಿನ ಹಳದಿ ಇಳೀತು. ಕಕ್ಕೂದು ನಿಂತಿತು. ಒಂದು ಮುಂಜಾನೆ ನಾ ಎದ್ದು ಬಂದಾಗ ಅತ್ತಿನ ಒಳಕಲ್ಲಿನ ಮುಂದ ಕುಂತು ರುಬ್ಬಾಕತ್ತಿದ್ಳು. ಅಂದಿನಿಂದ ಅದು ಆಕಿದ ಕೆಲಸ ಆತು. ಭಾಳ ದಿನ ಆದ ಮ್ಯಾಲ, ರುಬ್ಬತಾ ರುಬ್ಬತಾ ಗುಂಡಕಲ್ಲು ನಿಲ್ಲಿಸಿ, “ನೀಲಾನ ಕೂಸುಗೋಳಿಗೂ ಹಿಂಗ ರುಬ್ಬಿ ಹಾಕಿದ್ರ...” ಅಂದಾಕಿ ಮಾತು ಮುಗಸಲಿಲ್ಲ. ನಾ ಸೋಸೂ ಅರವಿ ಹಿಡಕೊಂಡು ನಿಂತಿದ್ದೆ. ಹೌದ್ರಿ ಅಂತ ಅನ್ನಬೇಕಾಗಿತ್ತೇನು? ನಾ ಸೋಸಾಕ ಹತ್ತಿದೆ.

ಮಗಳ ಹೆಸರು ಕಮಲಾ. ಎಲ್ಲಾ ನೆಟ್ಟಗಾತು ಅಂತ ನಿನಗ ಸುಳ್ಳು ಹೇಳೂದಿಲ್ಲ. ಎಡಗಣ್ಣಿನ್ಯಾಗ ಸಣ್ಣ ಪೊರಿ ಉಳದೈತಿ. ಮಾತು ತಡಾ, ಅವಳ ವಾರಿಗಿ ಹುಡುಗ್ಯಾರು ಪದಾ ಹಾಡತಾರ, ಈಕಿ ಇನ್ನೂ ಒಂದೊಂದ ಮಾತು ಆಡತಾಳ. ಹಾಲು, ಮಸರು, ಬೆಣ್ಣಿ, ಪೇಡೆ ಯಾವದೂ ಮುಟ್ಟಾಂಗಿಲ್ಲ. ಆದ್ರ ಜ್ವಾಳದ ರೊಟ್ಟಿ, ಬದನಿಕಾಯಿ ಪಲ್ಯ ಕಂಡ್ರ ಬಿಡೂದಿಲ್ಲ. ಓಡತಾಳ. ಬಿದ್ರ ಅಳೂದಿಲ್ಲ, ಎದ್ದು ನೆಲಕ್ಕ ಒಂದು ಒದ್ದು ಮುಂದ ಹೋಗತಾಳ. ಎಷ್ಟೋ ಸರ್ತಿ ಅವಳನ್ನ ನೋಡಿ, ಇವಳ ಮಗ್ಗಲಕ ಇನ್ನಿಬ್ಬರು ಇರಬೇಕಾಗಿತ್ತು ಅಂತ... ಒಬ್ಬ ಅಣ್ಣ, ಒಬ್ಬ ಅಕ್ಕ.

ಹೋದ ಸೋಮವಾರ ಶಿರಗುಪ್ಪ್ಯಾಗ ಮಾವನ ದಾಯಾದಿ ಮನ್ಯಾಗ ತೊಟ್ಟಲ ಕಾರ್ಯ ಇತ್ತು. ಅತ್ತಿ, ನಾನು, ಕಮಲಾ ಹೋಗಿದ್ವಿ. ಆ ಮನಿ ಸೊಸಿ ಸಣ್ಣ ಹುಡುಗಿ. ಆಕಿ ಕೂಸು ಕುಡಿದ ಮ್ಯಾಲ ಸ್ವಲ್ಪ ಹಾಲು ಕಕ್ಕಿತು, ಎಲ್ಲಾ ಕೂಸು ಕಕ್ಕೂವಂಗ. ಮೂಲ್ಯಾಗ ಕುಂತ ಮುದುಕಿ ಒಬ್ಬಾಕಿ, “ಹುಬ್ಬಳ್ಳಿ ನೀಲವ್ವನ ಹಾಲಿನಂಗ ಆಗದಿದ್ರ ಸಾಕು,” ಅಂದ್ಳು. ಆ ಹುಡುಗಿ ಮುಖಾ ಬೆಳ್ಳಗಾತು, ಕೂಸನ್ನ ಎದಿಯಿಂದ ತಗದ್ಳು. ನೀ ಹೋಗಿ ಇಷ್ಟ ವರ್ಷ ಆದ್ರೂ ಹಂಗ ಹೆದರಸಾಕ ನಿನ್ನ ಹೆಸರು ಬಳಸ್ತಾರ. ನಾ ಏಳಾಕ ಹೋದೆ. ನನಗಿಂತ ಮೊದಲ ಅತ್ತಿ ಎದ್ದಿದ್ಳು. ತೊಟ್ಟಲ ಹಗ್ಗ ಹಿಡಕೊಂಡು ನಿಂತು ಹೇಳಿದ್ಳು, “ನೀಲಾನ ಹಾಲಿನ್ಯಾಗ ಏನೂ ಇದ್ದಿಲ್ಲ. ಛಲೋ ಹಾಲು. ಆಕಿ ಹಾಲು ಕುಡಿದ ಕೂಸು ನಮ್ಮ ಓಣ್ಯಾಗ ಬೆಳ್ಯಾಕತ್ತೈತಿ. ನಂಜು ಇದ್ದದ್ದು ನನ್ನ ಬಾಯಾಗ. ಕೇಳಿಸ್ತೇನು? ಇನ್ನ ಯಾರೂ ಆ ಹೆಸರಿಲೆ ಹಂಗ ಅನ್ನಬ್ಯಾಡ್ರಿ.” ಆಮ್ಯಾಲ ಆ ಹುಡುಗಿ ಕಡೆ ಹೊಳ್ಳಿ, “ಕುಡಸವ್ವಾ ನೀ, ಹೆದರಬ್ಯಾಡ,” ಅಂದ್ಳು. ಯಾರೋ ಒಬ್ಬಾಕಿ ಲಗೂನ ಜೋಗುಳಾ ಚಾಲೂ ಮಾಡಿದ್ಳು.

ಹೊಳ್ಳಿ ಬರುಮುಂದ ಚಕ್ಕಡ್ಯಾಗ ಕಮಲಾ ಅತ್ತಿ ತೊಡಿ ಮ್ಯಾಲ ಮಲಗಿದ್ಳು. ನನಗ ಸಮಾಧಾನ ಆಗಬೇಕಾಗಿತ್ತು, ಅಕ್ಕಾ. ಆ ಮಾತು ಆ ಬಾಯಿಂದ ಕೇಳಬೇಕಂತ ನಾ ಎಷ್ಟ ವರ್ಷ ಕಾದಿದ್ದೆ! ಕೇಳಿದ ಮ್ಯಾಲ ಎದಿ ಇನ್ನೂ ಖಾಲಿ ಆತು. ಅದನ್ನ ಕೇಳಬೇಕಾದ ಕಿವಿ ಎಲ್ಲೆ ಅದಾವ?

ಇನ್ನೊಂದು ಸುದ್ದಿ ಐತಿ. ಮನ್ಯಾಗ ಇನ್ನೂ ಯಾರಿಗೂ ಹೇಳಿಲ್ಲ, ನಿನಗ ಮೊದಲ ಹೇಳತೇನಿ. ನಾ ಮತ್ತ ಬಸರಾಗೇನಿ. ಈ ಕೂಸಿಗೂ ಹಂಗ ಆಗಬಹುದು, ಆಗದನೂ ಇರಬಹುದು ಅಂತ ಡಾಕ್ಟರಬಾಯಿ ಮೊದಲ ಹೇಳಿಬಿಟ್ಟಾರ. ಹುಟ್ಟಿದ ಕೂಡ್ಲೆ ಅವರ ಕಡೆ ಒಯ್ಯತೇನಿ. ಹಾಲು ದಕ್ಕಿದ್ರ ಎದಿ ತುಂಬ ಕುಡಸ್ತೇನಿ. ದಕ್ಕದಿದ್ರ ಶೇಂಗಾ ರುಬ್ಬಸ್ತೇನಿ. ಎರಡರಾಗ ಯಾವದಾದ್ರೂ ಆಗ್ಲಿ, ನಾ ನನ್ನ ಹಾಲಿಗೆ ಹೆದರೂದಿಲ್ಲ, ನಮ್ಮ ಕಣ್ಣ ಮುಂದ ಯಾವ ಹುಡುಗಿಗೂ ಹೆದರಗೊಡೂದಿಲ್ಲ. ಇದು ನಿನಗ ಕೊಟ್ಟ ಮಾತು.

ಅವ್ವ ಇಲ್ಲ. ಸುದ್ದಿ ತಿಳಿದ ಮ್ಯಾಲ ಮಂದಿ ಕೇಳತಾರ, ಈ ಸರ್ತಿ ಬಾಣಂತನಕ್ಕ ತವರಿಂದ ಯಾರು ಬರತಾರ ಅಂತ. ನನಗ ಒಬ್ಬಾಕಿ ಅಕ್ಕ ಇದ್ಳು ಅಂತ ಹೇಳತೇನಿ.

ನಿನ್ನ ತಂಗಿ,
ಗೌರಿ